ತಾಲೂಕು ನಕ್ಷೆಗೆ ಕೆಂಪಿನಿಂದ ನೀಲಿವರೆಗೆ 256 ಬಣ್ಣ ಕೊಡುವ ಪೈಥಾನ್ ಫಂಕ್ಷನ್ ಬರೆಯುವುದು ಹೇಗೆ?

ಬರೆಯಬೇಡಿ. ಇದೇ ಫಂಕ್ಷನ್ ನಾನು 2016ರಲ್ಲಿ ಬರೆದಿದ್ದೆ.

ಕಲಬುರಗಿಯಲ್ಲಿ ಶಿಕ್ಷಕರ ಸಭೆ ಇತ್ತು. ಅದಕ್ಕೆ ಕರ್ನಾಟಕದ ಸಾಕ್ಷರತೆ ನಕ್ಷೆ ಮಾಡಿದೆ. 2011ರ ಜನಗಣತಿ, ಆಗಿನ 30 ಜಿಲ್ಲೆ. ಎಲ್ಲಕ್ಕಿಂತ ಕಡಿಮೆ ನಮ್ಮ ಪಕ್ಕದ ಯಾದಗಿರಿ, ಶೇ 51.83. ಎಲ್ಲಕ್ಕಿಂತ ಜಾಸ್ತಿ ದಕ್ಷಿಣ ಕನ್ನಡ, ಶೇ 88.57. ಬಣ್ಣವನ್ನು ಹ್ಯೂ (ಯಾವ ಬಣ್ಣ), ಗಾಢತೆ, ಹೊಳಪು ಅಂತ ಮೂರು ಸಂಖ್ಯೆಯಲ್ಲಿ ಹೇಳುವ ಎಚ್‌ಎಸ್‌ವಿಯಲ್ಲಿ ಯಾದಗಿರಿಗೆ ಹ್ಯೂ 0 ಅಂದರೆ ಕೆಂಪು, ದಕ್ಷಿಣ ಕನ್ನಡಕ್ಕೆ 240 ಅಂದರೆ ನೀಲಿ, ಉಳಿದವಕ್ಕೆ ಲೆಕ್ಕದ ಪ್ರಕಾರ ನಡುವಿನ ಸಂಖ್ಯೆ. ಸ್ಕ್ರೀನ್ ಮೇಲೆ ಕಾಮನಬಿಲ್ಲಿನ ಹಾಗೆ ಚೆಂದ ಕಂಡಿತು. ಸೂಪರ್ ಮಾರ್ಕೆಟ್ ಹತ್ತಿರ ಕಪ್ಪು-ಬಿಳುಪು ಜೆರಾಕ್ಸ್ ಮಾಡಿಸಿ ಹಂಚಿದೆ. ಕಲರ್‌ಗೆ ದುಡ್ಡು ಜಾಸ್ತಿ ಅಲ್ವಾ.

ಒಬ್ಬ ಹಿರಿಯ ಮಾಸ್ತರರು ಹಾಳೆ ಎತ್ತಿ ಹಿಡಿದರು. "ಯಾದಗಿರಿ, ಮಂಗಳೂರು ಎರಡೂ ಕರ್ರಗ ಅವ. ರಾಯಚೂರು ಬೆಳ್ಳಗ ಅದ. ಹಂಗಂದ್ರ ಏನ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ಆ ನಕ್ಷೆಯ ಮೇಲೆ ಮತ್ತೆ ಮಾತೇ ನಡೆಯಲಿಲ್ಲ.

ತಪ್ಪು ಎಲ್ಲಿ ಅಂದರೆ, ಹ್ಯೂ ಸಮನಾಗಿ ಏರಿದರೆ ಬಣ್ಣವೂ ಸಮನಾಗಿ ಬದಲಾಗುತ್ತದೆ ಅಂದುಕೊಂಡಿದ್ದೆ. ಎಚ್‌ಎಸ್‌ವಿಯಲ್ಲಿ ಹೊಳಪು ಹೇಳುವ 'ವಿ' ಎಲ್ಲ ಜಿಲ್ಲೆಗೂ 1 ಇತ್ತು, ಹಾಗಾಗಿ ಹೊಳಪೂ ಒಂದೇ ಅಂತ ನಂಬಿದೆ. ಕಣ್ಣು ಹಾಗೆ ನೋಡುವುದಿಲ್ಲ. ಕಣ್ಣಿಗೆ ಕಾಣುವ ಹೊಳಪಿಗೆ ಹತ್ತಿರವಾದ ಲ್ಯಾಬ್ ಅನ್ನುವ ಅಳತೆಯಲ್ಲಿ ಕಪ್ಪು 0, ಬಿಳಿ 100. ಅದರಲ್ಲಿ ಅಪ್ಪಟ ಕೆಂಪು 53, ಹಳದಿ 97, ನೀಲಿ 32. ಅಂದರೆ ಎರಡು ತುದಿ ಕಪ್ಪು, ನಡುವೆ ಬೆಳಕು. ರಾಯಚೂರು ಶೇ 59.56. ಯಾದಗಿರಿಗಿಂತ ಎಂಟು ಅಂಕವೂ ಮೇಲಿಲ್ಲ, ಆದರೆ ಅದರ ಹ್ಯೂ 50, ಹಳದಿಯ ಪಕ್ಕ. ಹಾಗಾಗಿ ರಾಜ್ಯದಲ್ಲೇ ಹಿಂದಿರುವ ಜಿಲ್ಲೆಗಳಲ್ಲಿ ಒಂದು ದೀಪದ ಹಾಗೆ ಬೆಳಗಿತು. ಬೀದರ್ ಶೇ 70.51, ಅದು ಹಸಿರು. ಹಸಿರಿನಲ್ಲಿ ಹ್ಯೂ ಹತ್ತಿಪ್ಪತ್ತು ಸರಿದರೂ ಗೊತ್ತೇ ಆಗಲ್ಲ. ಕಲರ್ ಪ್ರಿಂಟ್ ಹಂಚಿದ್ದರೂ ಇದೇ ಗತಿ. ಜೆರಾಕ್ಸ್ ಅದನ್ನು ತೋರಿಸಿಕೊಟ್ಟಿತು, ಅಷ್ಟೇ.

ಮುಂದಿನ ಸಲ ಹೊಳಪು ಸಮನಾಗಿ ಬದಲಾಗುವ ವಿರಿಡಿಸ್ ಅನ್ನುವ ಬಣ್ಣದ ಸಾಲನ್ನು ತಿರುಗಿಸಿ ಹಾಕಿದೆ, ಜಾಸ್ತಿ ಇದ್ದಲ್ಲಿ ದಟ್ಟ ಬರುವ ಹಾಗೆ. ಪೈಥಾನ್‌ನಲ್ಲಿ ಚಿತ್ರ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಕೂಡ 2017ರ 2.0 ಆವೃತ್ತಿಯಲ್ಲಿ ಕಾಮನಬಿಲ್ಲಿನಂಥ ಜೆಟ್ ಸಾಲು ಬಿಟ್ಟು ಅದನ್ನೇ ಡೀಫಾಲ್ಟ್ ಮಾಡಿತು. ಅದೇ ಅಂಗಡಿ, ಅದೇ ಜೆರಾಕ್ಸ್. ಯಾದಗಿರಿ ಎಲ್ಲಕ್ಕಿಂತ ತಿಳಿ, ರಾಯಚೂರು ಅದಕ್ಕಿಂತ ತುಸು ದಟ್ಟ, ಹಾಗೇ ಏರುತ್ತಾ ಮಂಗಳೂರಿನವರೆಗೆ.

ಇನ್ನು ನಿಮ್ಮ ವಿಷಯ. ಉದಾಹರಣೆಗೆ ಕಲಬುರಗಿ ಜಿಲ್ಲೆಗೆ 11 ತಾಲೂಕು. ಅದಕ್ಕೆ 256 ಬಣ್ಣ ಯಾಕೆ? ಆಳಂದಕ್ಕೂ ಅಫಜಲಪುರಕ್ಕೂ ನಡುವಿನ ಸಣ್ಣ ವ್ಯತ್ಯಾಸವನ್ನು ಬಣ್ಣ ನೋಡಿ ಯಾರೂ ಓದಲ್ಲ. ಐದು ಮೆಟ್ಟಿಲು ಮಾಡಿ, ನಕ್ಷೆಗೆ ಬಣ್ಣದ ಸಾಲು ಕೊಡುವ ಕಲರ್‌ಬ್ರೂವರ್ ಜಾಲತಾಣದಿಂದ ಒಂದು ಸಾಲು ತಗೊಳ್ಳಿ, ಅಂಕಿಯನ್ನು ತಾಲೂಕಿನ ಮೇಲೇ ಬರೆಯಿರಿ. ಇಲ್ಲ, ಫಂಕ್ಷನ್ ಬೇಕೇ ಬೇಕು ಅಂದರೆ ಲ್ಯಾಬ್‌ನಲ್ಲಿ ಬರೆಯಿರಿ: ಒಂದು ತುದಿ 95ರ ತಿಳಿ ಹಳದಿ, ಇನ್ನೊಂದು 30ರ ಗಾಢ ನೀಲಿ, ನಡುವಿನದ್ದು ಅಲ್ಲೇ ಲೆಕ್ಕ ಹಾಕಿ ಕೊನೆಗೆ ಸ್ಕ್ರೀನ್‌ನ ಕೆಂಪು-ಹಸಿರು-ನೀಲಿ ಲೆಕ್ಕಕ್ಕೆ, ಅಂದರೆ ಆರ್‌ಜಿಬಿಗೆ ತನ್ನಿ. ಯಾರಿಗಾದರೂ ಕೊಡುವ ಮೊದಲು ಒಂದು ಜೆರಾಕ್ಸ್ ತೆಗೆದು ನೋಡಿ.