ಓದುಗರ ಪ್ರಶ್ನೆ: ಬಟ್ಟೆಯ ಇಸ್ತ್ರಿಯಲ್ಲೇ ಸ್ಕೀಗೆ ಮೇಣ ಹಾಕಬಹುದಾ?

ಪ್ರಶ್ನೆ: ನಾವು ಡೆನ್ವರ್ ಪಕ್ಕದ ಅರೋರಾದಲ್ಲಿದ್ದೇವೆ. ಏಪ್ರಿಲ್‌ನಲ್ಲಿ ಕೊನೇ ಸಲ ಸ್ಕೀ ಆಡಿ ಬಂದವರು ಚೀಲದ ಸಮೇತ ಗರಾಜಿನ ಮೂಲೆಗೆ ಒರಗಿಸಿಟ್ಟಿದ್ದೆವು. ಮೊನ್ನೆ ತೆಗೆದರೆ ಅಂಚಿಗೆಲ್ಲ ತುಕ್ಕು, ತಳ ಬೂದಿ ಬಳಿದಂತೆ ಬಿಳಿಚಿಕೊಂಡಿದೆ. ನಾಲ್ಕು ಜನರ ನಾಲ್ಕು ಜೊತೆ, ಅಂಗಡಿಗೆ ಕೊಟ್ಟರೆ ಖರ್ಚು ಜಾಸ್ತಿ. ಮನೆಯ ಇಸ್ತ್ರಿ ಪೆಟ್ಟಿಗೆಯಲ್ಲೇ ಮೇಣ ಹಾಕೋಣ ಅಂತಿದ್ದಾರೆ ನಮ್ಮ ಯಜಮಾನರು. ಹಾಕಬಹುದಾ? ಮಗಳಿಗೆ ಹೊಸ ಬೂಟು ಬೇರೆ ತಂದಿದ್ದೇವೆ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗನ್ನು ಸ್ಕ್ರೂ ಡ್ರೈವರ್‌ನಲ್ಲಿ ತಿರುಗಿಸಿಕೊಂಡರೆ ಸಾಕಲ್ವಾ?
– ಓದುಗರೊಬ್ಬರು, ಅರೋರಾ, ಕೊಲರಾಡೊ

ಉತ್ತರ: ಮೊದಲು ಇಸ್ತ್ರಿ ಪೆಟ್ಟಿಗೆಯ ವಿಷಯ. ಆ ತಪ್ಪನ್ನು ನಾನೇ ಮಾಡಿದ್ದೇನೆ. ಡೆನ್ವರಿಗೆ ಬಂದ ಎರಡನೇ ಚಳಿಗಾಲ. ಗರಾಜಿನಲ್ಲಿ ಎರಡು ಕುರ್ಚಿಗಳ ಮೇಲೆ ಸ್ಕೀ ಮಲಗಿಸಿ, ಇವರ ಆಫೀಸ್ ಶರ್ಟಿನ ಇಸ್ತ್ರಿ ತಂದು ಶುರುಮಾಡಿದೆ. ಅಷ್ಟರಲ್ಲಿ ಶಿರಸಿಯಿಂದ ಅಮ್ಮನ ಫೋನು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಇಸ್ತ್ರಿ. ಕೈ ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಹೊಗೆ ಬಂತು. ಎತ್ತಿ ನೋಡಿದರೆ ತಳ ಕಾವಲಿ ಮೇಲಿನ ಚಪಾತಿಯಂತೆ ಒಂದು ಕಡೆ ಉಬ್ಬಿಕೊಂಡಿತ್ತು. ಆ ಸ್ಕೀ ಮತ್ತೆ ನೆಟ್ಟಗಾಗಲೇ ಇಲ್ಲ. ಮರುದಿನ ಇವರ ಬಿಳಿ ಶರ್ಟಿನ ಬೆನ್ನಿಗೆ ನೀಲಿ ಮೇಣದ ಕಲೆ.

ಸ್ಕೀ ತಳ ಅಂದರೆ ಪಾಲಿಎಥಿಲಿನ್, ಒಂದು ಬಗೆಯ ಪ್ಲಾಸ್ಟಿಕ್ಕು. ಬಿಸಿ ಹೆಚ್ಚಾದರೆ ಕೆಡುತ್ತದೆ. ಬಟ್ಟೆಯ ಇಸ್ತ್ರಿಯ ಬಿಸಿ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ, ಏರುತ್ತದೆ, ಇಳಿಯುತ್ತದೆ. ಹಬೆಯ ತೂತುಗಳಲ್ಲಿ ಮೇಣ ಹೋಗಿ ಕೂರುತ್ತದೆ. ಮೇಣಕ್ಕೆಂದೇ ಬರುವ ಇಸ್ತ್ರಿಯ ತಳ ದಪ್ಪ, ಬಿಸಿ ಸ್ಥಿರ. ನಾಲ್ಕು ಜೊತೆ ಇದೆ ಅಂತೀರಿ, ಒಂದು ಕೊಂಡುಬಿಡಿ. ಹಾಕಿದ ದುಡ್ಡು ಬೇಗ ವಾಪಸ್ ಬರುತ್ತದೆ.

ತಳ ಬಿಳಿಚಿದೆ ಅಂದರೆ ಒಣಗಿದೆ ಅಂತ. ಎಣ್ಣೆ ಕಾಣದ ಕಬ್ಬಿಣದ ಕಾವಲಿ ಬೆಳ್ಳಗಾಗುತ್ತಲ್ಲ, ಹಾಗೆಯೇ. ಸ್ಕೀಯನ್ನು ಮನೆಯೊಳಗೆ ತಂದು ಕೋಣೆಯ ಬಿಸಿಗೆ ಬರಲು ಬಿಡಿ. ಬೂಟು ಕೂರುವ ಕಡೆಯ ಬ್ರೇಕನ್ನು ದಪ್ಪ ರಬ್ಬರ್ ಬ್ಯಾಂಡಿನಲ್ಲಿ ಎಳೆದು ಕಟ್ಟಿ, ಇಲ್ಲದಿದ್ದರೆ ಪ್ರತಿ ಸಲ ಕೈಗೆ ಅಡ್ಡ ಬರುತ್ತದೆ. ಇಸ್ತ್ರಿಯನ್ನು ಮೇಣದ ಪೊಟ್ಟಣದ ಮೇಲೆ ಬರೆದಷ್ಟೇ ಬಿಸಿಗೆ ಇಡಿ, ಸಾಮಾನ್ಯವಾಗಿ 120ರಿಂದ 140 ಡಿಗ್ರಿ ಸೆಲ್ಸಿಯಸ್. ಮೇಣವನ್ನು ಇಸ್ತ್ರಿಗೆ ಒತ್ತಿ ಹನಿ ಹನಿಯಾಗಿ ತಳದುದ್ದಕ್ಕೂ ಬೀಳಿಸಿ. ಆಮೇಲೆ ಮೂತಿಯಿಂದ ಬಾಲದ ಕಡೆಗೆ ನಿಲ್ಲಿಸದೆ ಎಳೆಯಿರಿ. ಇಸ್ತ್ರಿಯ ಹಿಂದೆ ಗೇಣುದ್ದ ಮೇಣ ಒದ್ದೆಯಾಗಿ ಹೊಳೆಯುತ್ತಾ ಬರಬೇಕು, ಅದರ ಹಿಂದಿನದು ಮಂಕಾಗುತ್ತಾ ಹೋಗಬೇಕು. ಹೊಗೆ ಬಂದರೆ ಬಿಸಿ ಜಾಸ್ತಿಯಾಗಿದೆ. ಫೋನು ಬಂದರೆ ಎತ್ತಬೇಡಿ.

ಅರ್ಧ ಗಂಟೆ ಆರಲು ಬಿಡಿ. ಇಲ್ಲಿಂದ ಮುಂದೆಯೇ ಜನ ಕಳ್ಳಾಟ ಆಡುವುದು. ಹಾಕಿದ ಮೇಣವನ್ನೆಲ್ಲ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆದು ತೆಗೆಯಬೇಕು. ‘ಹಾಕಿದ್ದು ಯಾಕೆ, ಕೆರೆಯುವುದು ಯಾಕೆ’ ಅಂತ ನಮ್ಮನೆಯಲ್ಲೂ ಪ್ರತಿ ವರ್ಷ ಕೇಳುತ್ತಾರೆ. ಸ್ಕೀ ಜಾರುವಂತೆ ಮಾಡುವುದು ತಳದ ಒಳಗೆ ಇಳಿದ ಮೇಣ. ಮೇಲೆ ಉಳಿದದ್ದು ಹಿಮಕ್ಕೆ ಅಂಟಿಕೊಂಡು ನಿಮ್ಮನ್ನೇ ಹಿಡಿದು ನಿಲ್ಲಿಸುತ್ತದೆ. ಕೆರೆದಾದ ಮೇಲೆ ನೈಲಾನ್ ಬ್ರಷ್‌ನಿಂದ, ಅದೂ ಮೂತಿಯಿಂದ ಬಾಲಕ್ಕೆ, ಚೆನ್ನಾಗಿ ತಿಕ್ಕಿ. ತಳದಲ್ಲಿ ಕೂದಲೆಳೆಯಂಥ ಗೀರುಗಳಿರುತ್ತವೆ. ಅವು ಮೇಣದಿಂದ ಮುಚ್ಚಿಹೋಗಬಾರದು. ಅಷ್ಟೊಂದು ಒಣಗಿದ ತಳಕ್ಕೆ ಒಂದು ಸಲ ಸಾಲದು, ಎರಡು ಮೂರು ಸಲ ಹಾಕಿ.

ತುಕ್ಕು ಯಾಕೆ ಬಂತು ಗೊತ್ತಾ? ಕಾರಿನ ಮೇಲೆ ಕಟ್ಟಿಕೊಂಡು ಹೋಗಿರುತ್ತೀರಿ. ಹಿಮ ಕರಗಲೆಂದು ಐ-70 ರಸ್ತೆಗೆ ಮೆಗ್ನೀಷಿಯಂ ಕ್ಲೋರೈಡ್ ಹೊಡೆಯುತ್ತಾರೆ. ಅದರ ನೀರು ಎಗರಿ ಉಕ್ಕಿನ ಅಂಚಿಗೆ ಕೂತಿತು, ಒದ್ದೆ ಚೀಲದಲ್ಲಿ ಆರು ತಿಂಗಳು ಹಾಗೇ ಇತ್ತು. ಮೇಲ್ಮೇಲಿನ ತುಕ್ಕಾದರೆ ಗಮ್ಮಿ ಸ್ಟೋನ್ ಅಂತ ರಬ್ಬರಿನ ಹಾಗಿರುವ ಕಲ್ಲು ಸಿಗುತ್ತದೆ, ತಿಕ್ಕಿದರೆ ಹೋಗುತ್ತದೆ. ಕಚ್ಚಿ ಕುಳಿ ಬಿದ್ದಿದ್ದರೆ ಅಂಗಡಿಗೇ ಕೊಡಿ. ಹರಿತ ನೋಡಲು ಉಗುರನ್ನು ಅಂಚಿನ ಮೇಲೆ ಅಡ್ಡಕ್ಕೆ ಎಳೆಯಿರಿ. ಉಗುರಿನ ಪುಡಿ ಎದ್ದರೆ ಹರಿತ ಇದೆ. ಜಾರಿದರೆ ಮೊಂಡಾಗಿದೆ. ಪಕ್ಕದ ಅಂಚನ್ನು ಕೋನ ಹಿಡಿಯುವ ಗೈಡ್ ಇಟ್ಟುಕೊಂಡು, ಹೆಚ್ಚಿನ ಸ್ಕೀಗಳಿಗೆ 2 ಡಿಗ್ರಿ, ನೀವೇ ಮಸೆಯಬಹುದು. ತಳದ ಕಡೆಯ ಅಂಚನ್ನು ಮಾತ್ರ ಮುಟ್ಟಬೇಡಿ. ಅಲ್ಲಿ ಜಾಸ್ತಿ ಉಜ್ಜಿದರೆ ಇಡೀ ತಳವನ್ನು ಯಂತ್ರದ ಕಲ್ಲಿಗೆ ಕೊಟ್ಟು ಸವೆಸಿಯೇ ಸರಿಮಾಡಬೇಕು. ತಳ ತೆಳ್ಳಗಾಗುತ್ತಾ ಹೋಗುತ್ತದೆ.

ಇನ್ನು ಬೈಂಡಿಂಗ್. ಇಲ್ಲಿ ನಾನು ಸುಮ್ನೆ ‘ಬೇಡ’ ಅಂತೀನಿ. ನನ್ನ ಹತ್ತಿರವೂ ಸ್ಕ್ರೂ ಡ್ರೈವರ್ ಇದೆ, ಆದರೂ ಮುಟ್ಟುವುದಿಲ್ಲ. ಬಿದ್ದಾಗ ಸ್ಕೀ ಕಳಚಿಕೊಳ್ಳಬೇಕು, ಬೀಳದಿದ್ದಾಗ ಕಳಚಬಾರದು. ಕಳಚದೇ ಹೋದರೆ ತಿರುಚಿಕೊಳ್ಳುವುದು ಮಂಡಿ. ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಆಡುವ ರೀತಿ ಇಷ್ಟನ್ನೂ ನೋಡಿ ಅಂಗಡಿಯವರು, ಎಷ್ಟು ಬಲ ಬಿದ್ದರೆ ಕಳಚಬೇಕು ಅಂತ ಹೇಳುವ ಡಿನ್ ಅನ್ನುವ ಅಂಕಿ ಇಡುತ್ತಾರೆ, ಸರಿಯಾಗಿ ಕಳಚುತ್ತದೋ ಅಂತ ಯಂತ್ರದಲ್ಲಿ ಪರೀಕ್ಷೆ ಮಾಡುತ್ತಾರೆ. ಬೂಟು ಬದಲಾದರೆ ಅಡಿಯ ಉದ್ದ ಬದಲಾಗುತ್ತದೆ, ಬೈಂಡಿಂಗಿನ ಹಿಮ್ಮಡಿಯ ಭಾಗವನ್ನೂ ಸರಿಸಬೇಕು. ಮಗಳ ಹೊಸ ಬೂಟಿನ ಮೇಲೆ ‘ಗ್ರಿಪ್‌ವಾಕ್’ ಅಂತ ಬರೆದಿದೆಯಾ ನೋಡಿ. ನಡೆಯಲು ಸುಲಭವಾಗಲೆಂದು ಬಾಗಿಸಿದ ಅಂಥ ಅಡಿ ಹಳೆ ಬೈಂಡಿಂಗಿಗೆ ಹೊಂದದೇ ಇರಬಹುದು. ತೀರಾ ಹಳೆಯದಾದರೆ ಅಂಗಡಿಯವರು ಕೈಹಾಕುವುದೇ ಇಲ್ಲ, ಯಾವ ಮಾದರಿ ಮುಟ್ಟಬಹುದು ಅಂತ ತಯಾರಕರ ಪಟ್ಟಿ ಇರುತ್ತದೆ. ತೂಕ ಕೇಳಿದಾಗ ನಿಜ ಹೇಳಿ. ಪಕ್ಕದಲ್ಲಿ ಗೆಳತಿ ನಿಂತಿದ್ದರೂ ಸರಿ.

ಅರಾಪಾಹೋ ಬೇಸಿನ್, ಲವ್‌ಲ್ಯಾಂಡ್ ಸ್ಕೀ ತಾಣಗಳ ಕಡೆ ಅಕ್ಟೋಬರ್‌ನಲ್ಲೇ ಶುರುವಾಗುವುದುಂಟು. ಥ್ಯಾಂಕ್ಸ್‌ಗಿವಿಂಗ್ ಹತ್ತಿರ ಬಂದರೆ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಬೈಂಡಿಂಗ್ ಕೆಲಸಕ್ಕೆ ಈಗಲೇ ಹೋಗಿ. ಮೊದಮೊದಲು ಹಿಮ ತೆಳ್ಳಗಿರುತ್ತದೆ, ಕೆಳಗೆ ಕಲ್ಲು ಇರುತ್ತದೆ. ಹಳೇ ಸ್ಕೀ ಒಂದು ಜೊತೆ ಇದ್ದರೆ ಆ ವಾರಗಳಿಗೆ ಅದೇ ಸಾಕು. ಬರುವ ಏಪ್ರಿಲ್‌ನಲ್ಲಿ ಅಂಚು ಒರೆಸಿ, ದಪ್ಪಗೆ ಮೇಣ ಹಾಕಿ, ಕೆರೆಯದೇ ಹಾಗೇ ಇಡಿ, ಮತ್ತೆ ಆಡುವ ಮೊದಲು ಕೆರೆದರಾಯಿತು.

ಪ್ರಶ್ನೆ: ಗೆಳೆಯರೊಬ್ಬರು ಊರು ಬಿಡುವಾಗ ಹಳೆಯ ರೇಸಿಂಗ್ ಮೇಣದ ಡಬ್ಬಿ ಕೊಟ್ಟು ಹೋದರು. ಫ್ಲೋರಿನ್ ಇದೆಯಂತೆ, ಬಾಣದಂತೆ ಓಡುತ್ತದಂತೆ. ಬಳಸಲಾ?
– ಸಾಲ್ಟ್ ಲೇಕ್ ಸಿಟಿ

ಉತ್ತರ: ಓಡುವುದು ನಿಜ, ಆದರೂ ಬೇಡ. ಅದರಲ್ಲಿರುವುದು ಪಿಎಫ್‌ಎಎಸ್ ಗುಂಪಿನ ರಾಸಾಯನಿಕ. ಹಿಮದ ಜೊತೆ ಕರಗಿ ನೆಲಕ್ಕಿಳಿದರೆ ಮತ್ತೆ ಹೋಗುವುದಿಲ್ಲ. ನಿಮ್ಮ ಪಕ್ಕದ ಪಾರ್ಕ್ ಸಿಟಿಯಲ್ಲಿ ಬಾವಿ ನೀರಿನಲ್ಲಿ ಸಿಕ್ಕಿ, 2023ರಲ್ಲಿ ಊರಲ್ಲೇ ಈ ಮೇಣ ನಿಷೇಧಿಸಿದರು. ಅಂತರರಾಷ್ಟ್ರೀಯ ಸ್ಕೀ ಸಂಸ್ಥೆಯೂ 2023-24ರ ಸೀಸನ್‌ನಿಂದ ಸ್ಪರ್ಧೆಗಳಲ್ಲಿ ನಿಲ್ಲಿಸಿತು. ಕಸದ ಬುಟ್ಟಿಗೂ ಹಾಕಬೇಡಿ, ಹಳೆ ಪೇಂಟು ತಗೊಳ್ಳುವ ಕಡೆ ಕೇಳಿ ಕೊಡಿ.

ಪ್ರಶ್ನೆ: ಜನವರಿಯಲ್ಲಿ ಗುಲ್ಮಾರ್ಗ್‌ಗೆ ಹೋಗುತ್ತಿದ್ದೇವೆ, ಮೊದಲ ಸಲ. ಬಾಡಿಗೆ ಸ್ಕೀ ತಗೊಳ್ಳುವಾಗ ಏನು ನೋಡಬೇಕು?
– ಬೆಂಗಳೂರು

ಉತ್ತರ: ಬೂಟು ಮೊದಲು, ಸ್ಕೀ ಆಮೇಲೆ. ಬೂಟಿನಲ್ಲಿ ಹಿಮ್ಮಡಿ ಮೇಲೇಳಬಾರದು. ಸ್ಕೀ ತಿರುಗಿಸಿ ತಳ ನೋಡಿ, ಗೀರಿದ್ದರೆ ಪರವಾಗಿಲ್ಲ, ಅಂಚು ಕಿತ್ತು ಬಂದಿದ್ದರೆ ಬೇರೆ ಕೇಳಿ. ಬೂಟು ಹಾಕಿ ಅಲ್ಲೇ ಒಂದು ಸಲ ಸಿಕ್ಕಿಸಿ, ಬಿಡಿಸಿ. ನಿಮ್ಮ ತೂಕ ಕೇಳದೆಯೇ ಸ್ಕೀ ಕೈಗಿಟ್ಟರೆ, ನೀವಾಗೇ ಹೇಳಿ ಬೈಂಡಿಂಗಿನ ಡಿನ್ ಅಂಕಿ ಇಡಿಸಿಕೊಳ್ಳಿ.