ಭಾರ ಎತ್ತಿದರೆ ಗಂಡಸರ ತೋಳು ಬರುತ್ತದಾ?

ಹುಬ್ಬಳ್ಳಿಯ ಓದುಗರೊಬ್ಬರ ಪತ್ರ: "ನನಗೆ 54 ವರ್ಷ. ದಿನಾ ಮುಕ್ಕಾಲು ಗಂಟೆ ವಾಕಿಂಗ್ ಮಾಡುತ್ತೇನೆ. ಆದರೂ ಊಟಕ್ಕೆ ನೆಲದ ಮೇಲೆ ಕೂತರೆ ಕೈ ಊರದೆ ಏಳಲು ಆಗುವುದಿಲ್ಲ. ಸೊಸೆ ಜಿಮ್‌ಗೆ ಬನ್ನಿ ಎನ್ನುತ್ತಾಳೆ. ಭಾರ ಎತ್ತಿದರೆ ಗಂಡಸರ ತೋಳು ಬರುತ್ತದೆ, ಬಿಟ್ಟರೆ ಅದೆಲ್ಲ ಕೊಬ್ಬಾಗುತ್ತದೆ ಎಂದು ಓಣಿಯವರು ಹೆದರಿಸುತ್ತಾರೆ. ಏನು ಮಾಡಲಿ?"

ಸಂಪಾದಕರ ಉತ್ತರ:

ಅಕ್ಕಾ, ಬಾವಿಯಿಂದ ನೀರು ಸೇದಿ, ತಲೆ ಮೇಲೊಂದು ಸೊಂಟದಲ್ಲೊಂದು ಕೊಡ ಹೊತ್ತು ಬರುತ್ತಿದ್ದ ಹೆಂಗಸರನ್ನು ನೀವು ನೋಡಿಯೇ ಇರುತ್ತೀರಿ. 15 ಲೀಟರ್ ನೀರು ಎಂದರೆ 15 ಕಿಲೋ, ಕೊಡದ ತೂಕ ಬೇರೆ. ಅವರಲ್ಲಿ ಯಾರಿಗೆ ಗಂಡಸರ ತೋಳು ಬಂತು? ಅದೇ ತೂಕಕ್ಕೆ ಡಂಬೆಲ್ ಎಂದು ಹೆಸರಿಟ್ಟ ಕೂಡಲೇ ಭಯ ಶುರು.

ಗಂಡಸರ ಮೈಕಟ್ಟಿಗೆ ಮುಖ್ಯ ಕಾರಣ ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನ್. ಹೆಂಗಸರಲ್ಲಿ ಅದು ತೀರಾ ಕಡಿಮೆ. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ವೇಟ್‌ಲಿಫ್ಟಿಂಗ್‌ನಲ್ಲಿ ಬೆಳ್ಳಿ ಗೆದ್ದ ಮೀರಾಬಾಯಿ ಚಾನು ತಲೆ ಮೇಲೆತ್ತಿದ್ದು 115 ಕಿಲೋ, ಸ್ಪರ್ಧಿಸಿದ್ದು ಮೈತೂಕ 49 ಕಿಲೋ ಮೀರದವರ ವಿಭಾಗದಲ್ಲಿ. ಹಾಗಿರುವಾಗ ವಾರಕ್ಕೆರಡು ದಿನ ಐದು ಕಿಲೋ ಎತ್ತುವ ನಿಮಗೇನಾಗುತ್ತದೆ, ಹೇಳಿ.

ಇನ್ನು ಸ್ನಾಯು ಕೊಬ್ಬಾಗುವುದು ಕಬ್ಬಿಣ ಹಿತ್ತಾಳೆಯಾದಷ್ಟೇ ನಿಜ. ಎರಡೂ ಬೇರೆ ಬೇರೆ. ಆಗುವುದಿಷ್ಟೇ: ಕಸರತ್ತು ಬಿಟ್ಟ ಮೇಲೆ ಸ್ನಾಯು ಕರಗುತ್ತಾ ಹೋಗುತ್ತದೆ, ಊಟ ಮಾತ್ರ ಮೊದಲಿನಷ್ಟೇ ನಡೆಯುತ್ತಿರುತ್ತದೆ, ಹೊಟ್ಟೆ ಬರುತ್ತದೆ. ಗರಡಿಮನೆ ಬಿಟ್ಟ ಪೈಲ್ವಾನರ ಕಥೆಯೂ ಇದೇ ಅಲ್ವಾ?

ಈಗ ನಿಮ್ಮ ವಾಕಿಂಗ್. ಅದನ್ನು ಬಿಡಬೇಡಿ, ಹೃದಯಕ್ಕೆ ಒಳ್ಳೆಯದು. ಆದರೆ ನೆಲದಿಂದ ಏಳಿಸುವುದು ತೊಡೆ ಮತ್ತು ಕುಂಡೆಯ ಬಲ, ಆ ಬಲಕ್ಕೆ ಸಮತಟ್ಟಾದ ರಸ್ತೆಯ ನಡಿಗೆ ಸಾಲುವುದಿಲ್ಲ. ನಡುವಯಸ್ಸಿನಿಂದಲೇ ಸ್ನಾಯು ಸವೆಯುತ್ತಾ ಬರುತ್ತದೆ, ಮುಟ್ಟು ನಿಂತ ಮೇಲೆ ಮೂಳೆಯೂ ಬೇಗ ಸವೆಯುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ನಡಿಗೆಯ ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಿ ಎನ್ನುತ್ತದೆ. ವಯಸ್ಸಾಯಿತು ಎನ್ನಬೇಡಿ. ಅಮೆರಿಕದ ಬಾಸ್ಟನ್‌ನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ 90ರ ಆಸುಪಾಸಿನ ಹತ್ತು ಜನರಿಗೆ ಭಾರ ಎತ್ತಿಸಿ ನೋಡಿದರು. 1990ರಲ್ಲಿ ಪ್ರಕಟವಾದ ಅಧ್ಯಯನ ಅದು. ಎಂಟೇ ವಾರದಲ್ಲಿ, ಕೊನೆವರೆಗೂ ಮಾಡಿದವರ ಕಾಲಿನ ಬಲ ಸರಾಸರಿ ಎರಡು ಪಟ್ಟಿಗಿಂತ ಜಾಸ್ತಿ ಆಗಿತ್ತು.

ಬಸ್ಕಿ ಹೊಡೆದರೆ ಮಂಡಿ ಸವೆಯುತ್ತದೆ ಎಂದು ನಾನೂ ವರ್ಷಗಟ್ಟಲೆ ನಂಬಿದ್ದೆ. ಕೊನೆಗೆ ಮಂಡಿ ನೋವಿಗೆ ಫಿಸಿಯೋಥೆರಪಿಸ್ಟ್ ಕೊಟ್ಟ ಮದ್ದೇ ಅರ್ಧ ಬಸ್ಕಿ!

ಮನೆಯಲ್ಲೇ ಶುರು ಮಾಡಿ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳಿ, ಕೂರಿ. ಏಳುವಾಗ ಉಸಿರು ಬಿಗಿಹಿಡಿಯಬೇಡಿ. ಸುಲಭವೆನಿಸಿದಾಗ ಕೈಯಲ್ಲೊಂದು ತೂಕ ಹಿಡಿಯಿರಿ. ಬಿಪಿ ಇದ್ದರೆ ಮೊದಲೇ ಡಾಕ್ಟರನ್ನು ಕೇಳಿ. ಪ್ರೋಟೀನ್ ಪುಡಿಯ ಡಬ್ಬ ಸದ್ಯಕ್ಕೆ ಬೇಡ, ಊಟದಲ್ಲಿ ಬೇಳೆ, ಕಾಳು, ಮೊಸರು ಜಾಸ್ತಿ ಮಾಡಿ, ತಿನ್ನುವವರಾದರೆ ಮೊಟ್ಟೆಯನ್ನೂ.

ಆಮೇಲೆ ಸೊಸೆ ಜೊತೆ ಜಿಮ್‌ಗೂ ಹೋಗಿ. ಹುಡುಗರ ಮುಂದೆ ಸಂಕೋಚ ಅನಿಸಿದರೆ ಬೆಳಗ್ಗೆ 11ರ ಹೊತ್ತಿಗೆ ಹೋಗಿ ನೋಡಿ, ಆಗ ಸಾಮಾನ್ಯವಾಗಿ ಖಾಲಿ ಇರುತ್ತದೆ.