ಫೋಟೋಶಾಪ್‌ನಲ್ಲಿ ಕೆಂಪಾಗಿದ್ದ ಸೀರೆ ಫೋನಿನಲ್ಲಿ ಯಾಕೆ ಮಂಕಾಯಿತು?

ಪ್ರಶ್ನೆ: ಹಾಸನದಲ್ಲಿ ಮದುವೆ ಫೋಟೋ ತೆಗೆಯುತ್ತೇನೆ. ಫೋಟೋಶಾಪ್‌ನಲ್ಲಿ ಎಡಿಟ್ ಮಾಡುವಾಗ ಮದುಮಗಳ ಕೆಂಪು ರೇಷ್ಮೆ ಸೀರೆ ಚೆನ್ನಾಗಿ ಕಾಣುತ್ತದೆ. ಅದನ್ನೇ ಸೇವ್ ಫಾರ್ ವೆಬ್‌ನಲ್ಲಿ ಜೆಪೆಗ್ ಮಾಡಿ ಫೋನಿಗೆ ಕಳಿಸಿದರೆ ಬಣ್ಣ ಮಂಕು, ಮುಖವೂ ಬಿಳಿಚಿಕೊಂಡ ಹಾಗೆ. ಕಲರ್ ಸೆಟ್ಟಿಂಗ್ಸ್ ಏನಿಡಬೇಕು? ಪ್ರೋಫೋಟೋ ಆರ್‌ಜಿಬಿ ಇಡು ಎನ್ನುತ್ತಾರೆ ಗೆಳೆಯರು. ನಾನು ಜೆಪೆಗ್‌ನಲ್ಲೇ ಶೂಟ್ ಮಾಡುವುದು. ಕ್ಯಾಮೆರಾದ ಫೈಲ್ ಹೆಸರು ‘_ಡಿಎಸ್‌ಸಿ’ ಎಂದು ಶುರುವಾಗುತ್ತದೆ.

ಉತ್ತರ: ಕೊನೆಯಲ್ಲಿ ಬರೆದಿದ್ದೀರಲ್ಲ, ಹೆಸರಿನ ಮೊದಲಿಗೆ ಬರುವ ಆ ಅಂಡರ್‌ಸ್ಕೋರ್, ಅರ್ಧ ಉತ್ತರ ಅದರಲ್ಲೇ ಇದೆ. ಕ್ಯಾಮೆರಾದ ಮೆನುವಿನಲ್ಲಿ ಕಲರ್ ಸ್ಪೇಸ್ (ಎಷ್ಟು ಬಣ್ಣ ಹಿಡಿಯಬೇಕು, ಯಾವ ಅಂಕಿಗೆ ಯಾವ ಬಣ್ಣ ಎಂಬ ಲೆಕ್ಕ) ಅಡೋಬಿ ಆರ್‌ಜಿಬಿ ಆಗಿದ್ದರೆ ಫೈಲ್ ಹೆಸರು ಹಾಗೆ ಶುರುವಾಗುತ್ತದೆ. ಫೋನ್, ವೆಬ್‌ನಲ್ಲಿ ಸಾಮಾನ್ಯವಾಗಿ ನಡೆಯುವ ಎಸ್‌ಆರ್‌ಜಿಬಿ ಇದ್ದರೆ ಡಿಎಸ್‌ಸಿ ಎಂದೇ ಮೊದಲು ಬರುತ್ತದೆ (ನಿಕಾನ್‌ನಲ್ಲಿ ಅಂಡರ್‌ಸ್ಕೋರ್ ಆಮೇಲೆ).

ಫೋಟೋ ಫೈಲ್‌ನಲ್ಲಿ ಇರುವುದು ಬಣ್ಣ ಅಲ್ಲ, ಬರೀ ಅಂಕಿ. ಆ ಅಂಕಿಗೆ ಯಾವ ಬಣ್ಣ ಅಂತ ಹೇಳುವುದು ಜೊತೆಗಿರುವ ಪ್ರೊಫೈಲ್. ಪ್ರೊಫೈಲ್ ಕಳೆದುಹೋದರೆ, ಚೀಟಿಯಲ್ಲಿ ಸುಮ್ನೆ ‘ಅಕ್ಕಿ 5’ ಎಂದು ಬರೆದು ಸೇರೋ ಕೆಜಿಯೋ ಹೇಳದೆ ಅಂಗಡಿಗೆ ಕಳಿಸಿದ ಹಾಗೆ.

ನಿಮ್ಮ ಸೀರೆಯನ್ನೇ ನೋಡೋಣ. ಎಸ್‌ಆರ್‌ಜಿಬಿಯ ಅತಿ ಗಾಢ ಕೆಂಪಿಗೆ ಅಂಕಿ 255, 0, 0. ಅದೇ ಕೆಂಪನ್ನು ಅಡೋಬಿ ಆರ್‌ಜಿಬಿಯಲ್ಲಿ ಬರೆದರೆ 219, 0, 0. ಅದು ಜಾಸ್ತಿ ಬಣ್ಣಗಳನ್ನು ಹಿಡಿಯುವ ದೊಡ್ಡ ಸ್ಪೇಸ್, ಹಾಗಾಗಿ ಸಣ್ಣ ಅಂಕಿಯೇ ಸಾಕಾಗುತ್ತದೆ. ಪ್ರೊಫೈಲ್ ಇಲ್ಲದ ಫೈಲ್ ಸಿಕ್ಕಿದರೆ ಫೋನ್ ಅದನ್ನು ಎಸ್‌ಆರ್‌ಜಿಬಿ ಎಂದೇ ಓದುತ್ತದೆ. ಆಗ 219 ಅದಕ್ಕೆ ಬರೀ 219. ಸೀರೆ ಮಂಕಾಗದೆ ಇನ್ನೇನಾಗುತ್ತೆ? ಚರ್ಮದ ಬಣ್ಣಕ್ಕೂ ಇದೇ ಗತಿ.

ಸೇವ್ ಫಾರ್ ವೆಬ್ ಕಿಟಕಿಯಲ್ಲಿ ಎರಡು ಟಿಕ್ ಇವೆ: ಕನ್ವರ್ಟ್ ಟು ಎಸ್‌ಆರ್‌ಜಿಬಿ, ಎಂಬೆಡ್ ಕಲರ್ ಪ್ರೊಫೈಲ್. ನಿಮ್ಮಲ್ಲಿ ಎರಡೂ ಟಿಕ್ ತೆಗೆದುಹೋಗಿರುವಂತಿದೆ. ಎರಡನ್ನೂ ಹಾಕಿ. ಎಕ್ಸ್‌ಪೋರ್ಟ್ ಆ್ಯಸ್‌ನಲ್ಲೂ ಇದೇ ಎರಡು ಟಿಕ್ ಸಿಗುತ್ತವೆ.

ಈಗ ಸೆಟ್ಟಿಂಗ್ಸ್. ಎಡಿಟ್ ಮೆನುವಿನಲ್ಲಿ ಕಲರ್ ಸೆಟ್ಟಿಂಗ್ಸ್ ತೆರೆಯಿರಿ (ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಕೆ). ವರ್ಕಿಂಗ್ ಸ್ಪೇಸ್‌ನಲ್ಲಿ ಆರ್‌ಜಿಬಿಗೆ ಎಸ್‌ಆರ್‌ಜಿಬಿ ಇಡಿ. ಪಾಲಿಸಿಯಲ್ಲಿ ಪ್ರಿಸರ್ವ್ ಎಂಬೆಡೆಡ್ ಪ್ರೊಫೈಲ್ಸ್. ಕೆಳಗೆ ಮಿಸ್ಸಿಂಗ್ ಪ್ರೊಫೈಲ್ಸ್ ಎದುರಿಗೆ ಆಸ್ಕ್ ವೆನ್ ಓಪನಿಂಗ್ ಟಿಕ್ ಮಾಡಿ. ಪ್ರೊಫೈಲ್ ಮಿಸ್‌ಮ್ಯಾಚ್ ಬಗ್ಗೆಯೂ ಕೇಳಿಸಬಹುದು, ಆದರೆ ಮದುವೆಯ ನೂರಾರು ಫೋಟೋ ತೆರೆಯುವಾಗ ಆ ಪ್ರಶ್ನೆ ತಲೆ ತಿನ್ನುತ್ತದೆ. ನಾನಾದರೆ ಬಿಡುತ್ತೇನೆ. ವರ್ಕಿಂಗ್ ಸ್ಪೇಸ್ ಜಾಗದಲ್ಲಿ ಮಾನಿಟರ್ ಪ್ರೊಫೈಲ್ ಮಾತ್ರ ಯಾವತ್ತೂ ಹಾಕಬೇಡಿ. ಸ್ಕ್ರೀನಿನ ದೋಷವನ್ನೆಲ್ಲ ಫೈಲಿಗೆ ಅಂಟಿಸಿದಂತಾಗುತ್ತದೆ.

ಗೆಳೆಯರ ಸಲಹೆ ತಪ್ಪಲ್ಲ, ನಿಮಗೆ ಬೇಡ ಅಷ್ಟೇ. ಪ್ರೋಫೋಟೋ ಎಷ್ಟು ದೊಡ್ಡದೆಂದರೆ ಕಣ್ಣಿಗೆ ಕಾಣದ ಬಣ್ಣಗಳಿಗೂ ಅದರಲ್ಲಿ ಜಾಗ ಇದೆ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಕೊಡುವ ಫೈಲ್) ಇಟ್ಟುಕೊಂಡು, ಬಣ್ಣದ ಹಂತಗಳು ಹೆಚ್ಚಿರುವ 16 ಬಿಟ್‌ನಲ್ಲಿ ಕೆಲಸ ಮಾಡುವವರಿಗೆ ಅದು ಸರಿ. 8 ಬಿಟ್ ಜೆಪೆಗ್‌ನಲ್ಲಿ ಬಳಸಿದರೆ ಹಂತಗಳು ಸಾಲದೆ ಆಕಾಶದಲ್ಲಿ ಪಟ್ಟೆ ಪಟ್ಟೆ ಏಳುತ್ತದೆ. ಕ್ಯಾಮೆರಾದಲ್ಲೂ ಎಸ್‌ಆರ್‌ಜಿಬಿ ಮಾಡಿಬಿಡಿ. ಆ ಮೆನು ಜೆಪೆಗ್‌ಗೆ ಮಾತ್ರ ಲೆಕ್ಕ, ನಾಳೆ ರಾ ಶೂಟ್ ಮಾಡಿದರೆ ಅದರ ಬಣ್ಣಕ್ಕೆ ಏನೂ ಆಗುವುದಿಲ್ಲ.

ಈಗಾಗಲೇ ಕೊಟ್ಟಿರುವ ಮಂಕು ಫೋಟೋಗಳನ್ನು ಮತ್ತೆ ಎಡಿಟ್ ಮಾಡಬೇಕಿಲ್ಲ. ತೆರೆದಾಗ ಮೇಲಿನ ಟ್ಯಾಬ್‌ನಲ್ಲಿ ಆರ್‌ಜಿಬಿ/8 ಪಕ್ಕ # ಗುರುತು ಇದ್ದರೆ ಪ್ರೊಫೈಲ್ ಇಲ್ಲ ಎಂದರ್ಥ. * ಇದ್ದರೆ ಪ್ರೊಫೈಲ್ ಇದೆ, ನಿಮ್ಮ ವರ್ಕಿಂಗ್ ಸ್ಪೇಸ್ ಅಲ್ಲ, ಬೇರೆ. # ಇರುವ ಫೈಲಿಗೆ ಎಡಿಟ್ ಮೆನುವಿನ ಅಸೈನ್ ಪ್ರೊಫೈಲ್‌ಗೆ ಹೋಗಿ ಅಡೋಬಿ ಆರ್‌ಜಿಬಿ ಕೊಡಿ. ಸೀರೆ ತಟ್ಟನೆ ಕೆಂಪಾಗುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಕನ್ವರ್ಟ್ ಟು ಪ್ರೊಫೈಲ್‌ನಲ್ಲಿ ಎಸ್‌ಆರ್‌ಜಿಬಿ ಆರಿಸಿ ಸೇವ್ ಮಾಡಿ. ಎರಡನ್ನೂ ಅದಲು ಬದಲು ಮಾಡಬೇಡಿ. ಅಸೈನ್ ಮಾಡಿದರೆ ಅಂಕಿ ಹಾಗೇ ಉಳಿದು ಬಣ್ಣ ಬದಲಾಗುತ್ತದೆ. ಕನ್ವರ್ಟ್ ಮಾಡಿದರೆ ಬಣ್ಣ ಹಾಗೇ ಉಳಿದು ಅಂಕಿ ಬದಲಾಗುತ್ತದೆ.

ಪ್ರಶ್ನೆ: ಲ್ಯಾಬ್‌ನಿಂದ ಬರುವ ಆಲ್ಬಮ್ ಯಾವಾಗಲೂ ಕತ್ತಲು. ಲ್ಯಾಪ್‌ಟಾಪ್‌ನಲ್ಲಿ ಸರಿಯಾಗೇ ಇರುತ್ತದೆ. ಸಿಎಂವೈಕೆ ಮಾಡಿ ಕಳಿಸಬೇಕಾ?

ಉತ್ತರ: ಬೇಡ. ಸಿಎಂವೈಕೆ ಎಂದರೆ ಪ್ರೆಸ್‌ನ ನಾಲ್ಕು ಶಾಯಿಗಳ ಲೆಕ್ಕ. ಫೋಟೋ ಪೇಪರ್ ಮೇಲೆ ಪ್ರಿಂಟ್ ಹಾಕುವ ಲ್ಯಾಬ್ ಮೆಷಿನ್‌ಗಳು ಆರ್‌ಜಿಬಿ ಫೈಲನ್ನೇ ತೆಗೆದುಕೊಳ್ಳುತ್ತವೆ, ಅದೂ ಸಾಮಾನ್ಯವಾಗಿ ಎಸ್‌ಆರ್‌ಜಿಬಿ. ಲಗ್ನಪತ್ರಿಕೆಯನ್ನು ಆಫ್‌ಸೆಟ್ ಪ್ರೆಸ್‌ಗೆ ಕೊಡುವುದಾದರೆ ಸಿಎಂವೈಕೆ ವಿಷಯ ಬರುತ್ತದೆ, ಅದನ್ನೂ ಪ್ರೆಸ್‌ನವರನ್ನು ಕೇಳಿಯೇ ಮಾಡಬೇಕು.

ತಪ್ಪು ಬಹುಶಃ ಲ್ಯಾಬ್‌ನದ್ದಲ್ಲ, ನಿಮ್ಮ ಬ್ರೈಟ್‌ನೆಸ್‌ನದ್ದು. ಸ್ಕ್ರೀನ್ ಪೂರ್ತಿ ಬೆಳಗುತ್ತಿದ್ದರೆ ಫೋಟೋ ಸಾಕಷ್ಟು ಬೆಳಕಾಗಿದೆ ಅನ್ನಿಸುತ್ತದೆ, ನೀವು ಎಕ್ಸ್‌ಪೋಷರ್ ಏರಿಸುವುದೇ ಇಲ್ಲ. ಪ್ರಿಂಟ್‌ಗೆ ಎಡಿಟ್ ಮಾಡುವವರು ಸ್ಕ್ರೀನನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ನಡುವೆ, 6500 ಕೆಲ್ವಿನ್ ಬಿಳುಪು, 2.2 ಗಾಮಾಕ್ಕೆ ಇಡುತ್ತಾರೆ. ಇದನ್ನು ಅಳೆದು ಪ್ರೊಫೈಲ್ ಮಾಡಲು ಕಲರಿಮೀಟರ್ ಬೇಕು. ಇದೇ ಹೊಟ್ಟೆಪಾಡಾದರೆ ಮುಂದಿನ ಲೆನ್ಸ್‌ಗಿಂತ ಮೊದಲು ಅದನ್ನು ಕೊಳ್ಳಿ. ಅಲ್ಲಿಯವರೆಗೆ ಒಳ್ಳೆಯ ಬೆಳಕಿನ ಕೋಣೆಯಲ್ಲಿ ಒಂದು ಬಿಳಿ ಹಾಳೆಯನ್ನು ಸ್ಕ್ರೀನ್ ಪಕ್ಕ ಹಿಡಿಯಿರಿ. ಫೋಟೋಶಾಪ್‌ನಲ್ಲಿ ತೆರೆದ ಖಾಲಿ ಬಿಳಿ ಪುಟ ಆ ಹಾಳೆಯಷ್ಟೇ ಬೆಳ್ಳಗೆ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸಿ. ವಿಂಡೋಸ್‌ನ ನೈಟ್ ಲೈಟ್, ಮ್ಯಾಕ್‌ನ ಟ್ರೂ ಟೋನ್ ಆಫ್ ಇರಲಿ.

ಫೋಟೋದ ಸುತ್ತಲಿನ ಕಪ್ಪೂ ಕಣ್ಣಿಗೆ ಮೋಸ ಮಾಡುತ್ತದೆ. ಕಡುಕಪ್ಪಿನ ನಡುವೆ ಯಾವ ಫೋಟೋ ಆದರೂ ಬೆಳ್ಳಗೆ ಕಾಣುತ್ತದೆ. ಫೋಟೋದ ಆಚೆ ಇರುವ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಬೂದು ಬಣ್ಣ ಆರಿಸಿಕೊಳ್ಳಿ.

ಹಾಗೇ ಲ್ಯಾಪ್‌ಟಾಪ್‌ನ ವಿವರದಲ್ಲಿ 45% ಎನ್‌ಟಿಎಸ್‌ಸಿ (ಸ್ಕ್ರೀನ್ ಎಷ್ಟು ಬಣ್ಣ ತೋರಿಸುತ್ತದೆ ಎಂಬ ಅಳತೆ) ಎಂದಿದೆಯಾ ನೋಡಿ. ಇದ್ದರೆ ಆ ಸ್ಕ್ರೀನ್ ಎಸ್‌ಆರ್‌ಜಿಬಿಯ ಬಣ್ಣಗಳನ್ನೂ ಪೂರ್ತಿ ತೋರಿಸುವುದಿಲ್ಲ. ಬೆಳಕನ್ನು ನಂಬಬಹುದು, ಬಣ್ಣವನ್ನು ನಂಬುವ ಹಾಗಿಲ್ಲ.

ಪ್ರಶ್ನೆ: ‘ಸ್ಕ್ರಾಚ್ ಡಿಸ್ಕ್ ಫುಲ್’ ಎಂದು ಫೋಟೋಶಾಪ್ ನಿಂತುಬಿಡುತ್ತದೆ. ಪ್ರಿಫರೆನ್ಸಸ್‌ನಲ್ಲಿ ಏನು ಬದಲಿಸಲಿ? ರ‍್ಯಾಮ್ 8 ಜಿಬಿ.

ಉತ್ತರ: ರ‍್ಯಾಮ್ ಸಾಲದಾಗ ಫೋಟೋಶಾಪ್ ತಾತ್ಕಾಲಿಕವಾಗಿ ಬಳಸುವ ಡಿಸ್ಕ್ ಜಾಗವೇ ಸ್ಕ್ರಾಚ್ ಡಿಸ್ಕ್. ಕಂಟ್ರೋಲ್, ಕೆ ಒತ್ತಿ ಸ್ಕ್ರಾಚ್ ಡಿಸ್ಕ್ಸ್‌ಗೆ ಹೋಗಿ. ಸಿ ಡ್ರೈವ್ ತುಂಬಿದ್ದರೆ ಟಿಕ್ ತೆಗೆದು, ಖಾಲಿ ಜಾಗ ಇರುವ ಎಸ್‌ಎಸ್‌ಡಿಗೆ ಕೊಡಿ. ಪೆನ್ ಡ್ರೈವ್ ಬೇಡ. ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ 70% ಇರುತ್ತದೆ. ಅದನ್ನು 90ಕ್ಕೆ ಎಳೆಯುವ ಆಸೆ ಎಲ್ಲರಿಗೂ, ಆದರೆ 8 ಜಿಬಿಯಲ್ಲಿ ವಿಂಡೋಸ್‌ಗೇ ಉಸಿರು ಕಟ್ಟಿ ಎಲ್ಲವೂ ನಿಧಾನವಾಗುತ್ತದೆ. ಹಾಗೇ ಬಿಡಿ. ಹಿಸ್ಟರಿ ಸ್ಟೇಟ್ಸ್ (ಹಿಂದಕ್ಕೆ ಹೋಗಬಹುದಾದ ಹೆಜ್ಜೆಗಳು) 50 ಇದ್ದರೆ 20ಕ್ಕೆ ಇಳಿಸಿ, ಆಲ್ಬಮ್ ಶೀಟ್‌ನಂತಹ ದೊಡ್ಡ ಫೈಲ್‌ನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಫೈಲ್ ಹ್ಯಾಂಡ್ಲಿಂಗ್‌ನಲ್ಲಿ ರಿಕವರಿ ಸೇವ್ 10 ನಿಮಿಷಕ್ಕೊಮ್ಮೆ ಇದ್ದರೆ 5 ಮಾಡಿ. ನಮ್ಮ ಕಡೆ ಕರೆಂಟ್ ಗೊತ್ತಲ್ಲ.

ಇಷ್ಟಾದರೂ ತೊಂದರೆ ಹೋಗದಿದ್ದರೆ ಫೋಟೋಶಾಪ್ ಶುರುವಾಗುವ ಕ್ಷಣದಲ್ಲೇ ಆಲ್ಟ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಒತ್ತಿ ಹಿಡಿಯಿರಿ. ಸೆಟ್ಟಿಂಗ್ಸ್ ಫೈಲ್ ಅಳಿಸಲಾ ಎಂದು ಕೇಳುತ್ತದೆ. ಯೆಸ್ ಎನ್ನುವ ಮೊದಲು ಕಲರ್ ಸೆಟ್ಟಿಂಗ್ಸ್ ಕಿಟಕಿಯಲ್ಲಿರುವ ಸೇವ್ ಬಟನ್ ಒತ್ತಿ ನಿಮ್ಮ ಆಯ್ಕೆಗಳನ್ನು ಒಂದು ಫೈಲಾಗಿ ಬೇರೆ ಕಡೆ ಇಟ್ಟುಕೊಂಡಿರಬೇಕು. ರಿಸೆಟ್ ಆದ ಮೇಲೆ ಅಲ್ಲೇ ಪಕ್ಕದ ಲೋಡ್ ಬಟನ್‌ನಿಂದ ಅದನ್ನು ತಂದುಕೊಳ್ಳಿ.